ಅಕ್ಕ ಸಣ್ಣಗಾಗಿ ತವರಿಗೆ ಬಂದಳು

ಇವತ್ತು ನಮ್ಮ ಭಾವ ಊಟದ ಎಲೆ ಬಿಟ್ಟು ಎದ್ದುಹೋದರು, ಗೆಳೆಯರೇ.

ಸಕ್ಕರೆ ಕಾಯಿಲೆ ಬಂದಮೇಲೆ ಗಂಜಾಂನಲ್ಲಿರುವ ನಮ್ಮಕ್ಕ ಅನ್ನ ಕಡಿಮೆ ಮಾಡಿದ್ದಳು. ದಿನಾ ಬೆಳಿಗ್ಗೆ ಸಂಜೆ ಭಾವನೂ ಅವಳ ಜೊತೆ ಹೊಳೆದಂಡೆಯಲ್ಲಿ ನಡೆಯುತ್ತಿದ್ದರು. ವರ್ಷದಲ್ಲಿ ಅಕ್ಕ ಸಣ್ಣಗಾಗಿದ್ದಳು. ಇಬ್ಬರೂ ಇವತ್ತು ನಮ್ಮೂರು ಕ್ಯಾತನಹಳ್ಳಿಗೆ ಬಂದರು. ಊಟಕ್ಕೆ ಕೂತಾಗ ಅವ್ವ ಮಗಳ ಕೆನ್ನೆ ಸವರಿ ಅತ್ತಳು.

“ನನ್ ಮಗ್ಳಿಗೆ ಒಟ್ಟೆಗ್ ಇಕ್ಕಾಕಿಲ್ವೇನಪ್ಪಾ?” ಎಂದು ಭಾವನನ್ನೇ ಕೇಳಿದಳು.

“ಡಾಕ್ಟ್ರು ಯೋಳವ್ರೆ ಕಣವ್ವ, ನಾನೇ ಕಮ್ಮಿ ಉಣ್ತೀನಿ,” ಎಂದಳು ಅಕ್ಕ. ಅವ್ವ ನಂಬಲಿಲ್ಲ. ಭಾವ ಒಬ್ಬರೇ ಬಸ್ಸು ಹತ್ತಿದರು.

ಸಂಜೆ ಬೂತಿನಿಂದ ಫೋನ್ ಮಾಡಿ, ಅವ್ವನ ಪರವಾಗಿ ತಪ್ಪಾಯಿತು ಎಂದೆ.

“ಅದಿರ್ಲಿ ಬುಡಪ್ಪ. ನಿಮ್ಮಕ್ಕ ಸಂಜೆ ಒಸಿ ನಡುದ್ಲಾ?” ಎಂದರು ಭಾವ.

ಅವ್ವನ ಅಳು ನಿಲ್ಲಲೆಂದು, ಅವಳು ಬಡಿಸಿದ ಒಬ್ಬಟ್ಟನ್ನೆಲ್ಲ ತಿಂದು ಅಕ್ಕ ಮಲಗಿದ್ದಳು. “ಊಂ, ನಡುದ್ಲು ಭಾವ,” ಎಂದೆ.

ಎಲೆಯಿಂದ ಚಾಪೆಯವರೆಗೆ ನಡೆದಿದ್ದಳಲ್ಲ.