ಎಡಗೈ ನೂತ ನೂಲು

ನಾನು ನೂತ ನೂಲನ್ನು ನನ್ನ ಹೆಂಡತಿ ಬೆಕ್ಕಿಗೆ ಆಡಲು ಕೊಟ್ಟಳು.

ಎಲ್ಲವನ್ನೂ ಅಲ್ಲ, ಒಂದು ಮೊಳದಷ್ಟು. ಆದರೂ ಅವಮಾನ ಅವಮಾನವೇ ಅಲ್ಲವೇ? ಬೀದರಿನ ಕಚೇರಿಯಲ್ಲಿ ಜನ್ಮವಿಡೀ ಉರ್ದು ಅರ್ಜಿ ಬರೆದು ರಿಟೈರ್ ಆದವನು ನಾನು. ನನ್ನ ಅಕ್ಷರ ನೋಡಿ ದೊಡ್ಡ ಸಾಹೇಬರೇ 'ವಾಹ್' ಎಂದದ್ದುಂಟು. ಅಂಥವನ ಕೈಕೆಲಸ ನಾವಿರುವ ನೌಬಾದದ ಒಂದು ಕಳ್ಳಬೆಕ್ಕಿನ ಪಾಲಾಯಿತು.

ಮೊದಲಿನಿಂದ ಹೇಳುತ್ತೇನೆ. (ನನ್ನ ಓದುಗರು ಹೇಗೂ ಪುರುಸೊತ್ತಿನವರು. ಅವಸರದವರು ನನ್ನ ಕಾಲಂ ಬಿಟ್ಟು ನೇರ ಹತ್ತಿಯ ಧಾರಣೆಗೆ ಹೋಗುತ್ತಾರೆ.)

ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆ ಮೆಹಕರದಿಂದ ತವರಿಗೆ ಬಂದಳು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಚೊಚ್ಚಲ ಕೂಸಿಗೆ ಹೊದಿಸುವ ಕಂಬಳಿಯ ನೂಲನ್ನು ತವರುಮನೆಯಲ್ಲೇ ನೂಲಬೇಕು. ಅದೂ ಕುರಿಮರಿಗಳ ಮೈಯಿಂದ ಮೊದಲ ಸಲ ಕತ್ತರಿಸಿದ ಮೆತ್ತನೆಯ ಉಣ್ಣೆಯೇ ಆಗಬೇಕು. ಠಾಣಾ ಕುಶನೂರಿನ ನಮ್ಮ ಹೊಲದಲ್ಲಿ ಕುರಿ ಕೂಡಿಸುವ ಬೀರಪ್ಪನ ಮನೆಯಲ್ಲಿ ಮಗ್ಗವೂ ಇದೆ. ಉಣ್ಣೆ ತರುವವನೂ ಅವನೇ, ಕಂಬಳಿ ನೇಯುವವನೂ ಅವನೇ. ನಡುವಿನ ನೂಲುವ ಕೆಲಸ ಮಾತ್ರ ನಮ್ಮಾಕೆಯದು.

ನಮ್ಮಾಕೆ ಹಾಸಿನ ನೂಲು ಮುಗಿಸಿದ್ದಳು. (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವುದು ಹಾಸು, ಅಡ್ಡ ಹಾಯುವುದು ಹೊಕ್ಕು. ನಾನೂ ಮೊನ್ನೆಯೇ ಕಲಿತದ್ದು, ನಾಚಿಕೆ ಬೇಡ.) ಹೊಕ್ಕಿನ ನೂಲು ಒಂದು ಸಣ್ಣ ಉಂಡೆಯಷ್ಟು ಆಗಿತ್ತು. ಅಷ್ಟರಲ್ಲಿ ಹೆಬ್ಬೆರಳಿಗೆ ಉಗುರುಸುತ್ತು! ಬೆರಳಿಗೆ ನಿಂಬೆಹಣ್ಣು ತೊಡಿಸಿಕೊಂಡು ಕೂತುಬಿಟ್ಟಳು.

"ಇನ್ನ ಯಾರು ನೂಲಬೇಕ್ರಿ? ನೀಲಿಗಿ ನೆಟ್ಟಗ ಕೂಡ್ಲಿಕ್ಕೂ ಆಗಲ್ದು," ಎಂದಳು.

"ನಾ ನೂಲ್ತೇನಿ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ನಕ್ಕ ನಗೆ ಬೀದಿಗೆ ಕೇಳಿಸಿರಬೇಕು.

ನಗಲಿ. ಒಂದು ಮಾತು ಕೇಳುತ್ತೇನೆ. ಕೂಸು ಬರುವ ಮನೆಯಲ್ಲಿ ಹೆಂಗಸರಿಗೆ ನೂರೆಂಟು ಕೆಲಸ. ಖಾರ ಕುಟ್ಟುವುದು, ಅಂಟಿನುಂಡಿ ಕಟ್ಟುವುದು, ತೊಟ್ಟಿಲು ತಿಕ್ಕುವುದು. ಗಂಡಸಿಗೆ ಏನಿದೆ? ಕಟ್ಟೆಯ ಮೇಲೆ ಕೂತು "ಎಲ್ಲಾ ಆರಾಮಲ್ಲ?" ಎಂದು ಕೇಳುವುದೊಂದೇ. ನನ್ನ ಮೊಮ್ಮಗುವಿನ ಮೈಗೆ ನನ್ನ ಕೈಯದೂ ಒಂದು ಎಳೆ ಹತ್ತಲಿ ಎಂದು ನನಗೆ ಬಹಳ ಆಸೆಯಾಗಿತ್ತು. ಮುತ್ಯಾ ಆಗುವವನಿಗೆ ಅಷ್ಟೂ ಹಕ್ಕಿಲ್ಲವೇ?

ಕೂತೆ ನೋಡಿ, ತಕಲಿ ಹಿಡಿದು! ಮೊದಮೊದಲು ನೂಲು ಒಂದು ಕಡೆ ಬಾವಿಹಗ್ಗ, ಇನ್ನೊಂದು ಕಡೆ ಜೇಡರ ಬಲೆ. ಟಾಂಗಾದ ಮಹಬೂಬ್ ಮಿಯಾ ಗಾಡಿ ನಿಲ್ಲಿಸಿ, "ಕ್ಯಾ ಸಾಬ್, ರಿಟೈರ್ ಆದ ಮ್ಯಾಲ ಹೊಸಾ ನೌಕರಿ ಸಿಕ್ತೇನ್ರಿ?" ಎಂದ. ದಿನದಿನಕ್ಕೆ ಕೈ ಕುದುರಿತು. ಬೆರಳ ಸಂದಿನಿಂದ ಉಣ್ಣೆ ಎಳೆಯಾಗಿ ಇಳಿಯುವುದನ್ನು ನೋಡುತ್ತ ಕೂತರೆ ಚಹಾ ನೆನಪಾಗುತ್ತಿರಲಿಲ್ಲ. ಪೇಪರೂ ನೆನಪಾಗುತ್ತಿರಲಿಲ್ಲ. (ಸಂಪಾದಕರು ಕ್ಷಮಿಸಬೇಕು.) ಇಷ್ಟು ಸುಖದ ಕೆಲಸವನ್ನು ಈ ಹೆಂಗಸರು ಇಷ್ಟು ವರ್ಷ ನಮ್ಮಿಂದ ಮುಚ್ಚಿಟ್ಟಿದ್ದರಲ್ಲ!

ಬೀರಪ್ಪ ಕೊಟ್ಟ ಉಣ್ಣೆಯೆಲ್ಲ ನೂಲಾಯಿತು. ಅಷ್ಟರಲ್ಲಿ ನಮ್ಮಾಕೆಯ ಬೆರಳೂ ಮಾಯ್ದಿತ್ತು. ತನ್ನ ಉಂಡೆಯ ತುದಿಗೆ ನನ್ನ ನೂಲಿನ ತುದಿ ಸೇರಿಸಿ ತೊಡೆಯ ಮೇಲಿಟ್ಟು ಹೊಸೆದಳು. ಅವಳ ನೂಲು ಬಿಗಿಯಾಯಿತು. ನನ್ನ ನೂಲು ಬಿಚ್ಚಿಕೊಂಡಿತು. ಮತ್ತೆ ಹೊಸೆದಳು, ಮತ್ತೆ ಬಿಚ್ಚಿತು. ನೋಡನೋಡುತ್ತಿದ್ದಂತೆ ನನ್ನ ನೂಲಿನ ತುದಿ ತಿರುಗಿ ಉಣ್ಣೆಯೇ ಆಗಿಬಿಟ್ಟಿತು.

"ಇದೇನ್ರಿ ಇದು? ತಕಲಿ ಯಾವ ಕೈಲೆ ತಿರಗಿಸೀರಿ?"

ನಾನು ಎಡಗೈ ಎತ್ತಿ ತೋರಿಸಿದೆ.

ಹೌದು, ನಾನು ಎಡಚ. ಸಾಲಿ ಮಾಸ್ತರರ ಛಡಿಗೆ ಹೆದರಿ ಬರೆಯುವುದನ್ನು ಬಲಗೈ ಕಲಿಯಿತು. ಉಳಿದ ಕಾರಭಾರವೆಲ್ಲ ಎಡಗೈಯದೇ. ತಕಲಿಗೆ ಮಾಸ್ತರರಿರಲಿಲ್ಲ, ತಾನಾಗಿ ಎಡಕ್ಕೆ ಹೋಯಿತು. ಅವಳ ನೂಲಿನ ಹುರಿ ಬಲಕ್ಕೆ ತಿರುಗಿದ್ದರೆ ನನ್ನದು ಎಡಕ್ಕೆ!

"ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ರಿ ಈಗ," ಎಂದು ಆ ತುದಿಯನ್ನು ಕಿತ್ತು ಬೆಕ್ಕಿನ ಮುಂದೆ ಎಸೆದಳು.

ಸಾಲದ್ದಕ್ಕೆ ಅದೇ ದಿನ ಭಾಲ್ಕಿಯಿಂದ ನಮ್ಮಕ್ಕ ರೈಲಿನಲ್ಲಿ ಬಂದಿಳಿದಳು. ಸುದ್ದಿ ಕೇಳಿ ಹೌಹಾರಿದಳು.

"ಎಡಗೈಲೆ ನೂತದ್ದು ಕೂಸಿನ ಮೈಮ್ಯಾಲಾ? ಛೀ ಛೀ! ಏನರ ಒಂದ್ ಹೋಗಿ ಒಂದಾದ್ರ? ಪ್ಯಾಟ್ಯಾಗ ಮಿಲ್ ಚಾದರ ಸಿಗ್ತಾವ, ಒಂದು ತಂದ ಬಿಡ್ರಿ."

ನಾನು ಸಿಟ್ಟಿನವ, ನಿಮಗೆ ಗೊತ್ತು. "ಅಕ್ಕಾ, ನಿನ್ನ ಲಗ್ನದಾಗ ಇದೇ ಕೈಲೆ ಬುಂದಿ ಬಡಿಸೇನಿ. ನಿಮ್ಮ ಮಂದಿ ಉಂಡಿಲ್ಲೇನು?"

"ಉಂಡಾರ. ಇವತ್ತಿಗೂ ಆಡಿಕೋತಾರ," ಎಂದಳು ಅಕ್ಕ.

ನಮ್ಮಾಕೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮರಿ ಉಣ್ಣೆ ಬೇಕೆಂದರೆ ಮುಂದಿನ ಸಲ ಉಣ್ಣೆ ಕತ್ತರಿಸುವವರೆಗೆ ಕಾಯಬೇಕು. ಕೂಸು ಕಾಯುತ್ತದೆಯೇ? ಒಂದೋ ನನ್ನ ನೂಲು, ಇಲ್ಲವೇ ಮಿಲ್ಲಿನ ಚಾದರ. ನಾನು ತಕಲಿ ಮೂಲೆಗಿಟ್ಟು ಗೋಡೆ ನೋಡುತ್ತ ಕೂತೆ. ಊಟವೂ ಸೇರಲಿಲ್ಲ.

ಆಗ ನೀಲಿ ಬಾಯಿ ಬಿಟ್ಟಳು. "ಅತ್ತಿ, ಮಿಲ್ ಚಾದರಿಗಿ ಯಾರ ಕೈ ಹತ್ಯಾವೋ ಯಾರಿಗೆ ಗೊತ್ತದ? ಇದಕ್ಕ ನಮ್ಮಪ್ಪನ ಕೈ ಹತ್ಯಾದ. ನನ್ನ ಕೂಸಿಗಿ ಅದೇ ಬೇಕು."

ಕಣ್ಣಿಗೆ ಉಣ್ಣೆಯ ಧೂಳು ಬಿತ್ತು ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅತ್ತುಬಿಟ್ಟೆ.

ಬೀರಪ್ಪ ಬಂದು ನೂಲನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಉಲ್ಟಾ ಹುರಿ ಅದಲ್ರಿ ಸಾಹೇಬ್ರ! ನಮ್ಮಪ್ಪನ ಕಾಲದಾಗೂ ಇಂಥಾದ್ದು ಲಾಳಿಗಿ ಹಾಕಿಲ್ಲ. ಕೆಟ್ರ ನನ್ನ ಮ್ಯಾಲ ಬರಬ್ಯಾಡ್ರಿ ಮತ್ತ."

"ಕೆಡ್ಲಿ. ನೇಯಿ."

ಉದ್ದಕ್ಕೆ ನಮ್ಮಾಕೆಯ ನೂಲು, ಅಡ್ಡಕ್ಕೆ ನನ್ನದು. ಸದ್ಯ, ತುದಿಗೆ ತುದಿ ಗಂಟುಹಾಕುವ ಗೊಡವೆ ತಪ್ಪಿತು. ಇತ್ತ ನೀಲಿಗೆ ದಿನ ತುಂಬುತ್ತಿದ್ದವು. ಅಕ್ಕ ಊರಿಗೆ ಹೋಗಲಿಲ್ಲ, ಕಂಬಳಿ ಹಾಳಾಗುವುದನ್ನು ಕಣ್ಣಾರೆ ನೋಡಿಯೇ ಹೋಗುವ ಜಿದ್ದು!

ಕೊನೆಗೆ ಒಂದು ಮಧ್ಯಾಹ್ನ ಔರಾದದಿಂದ ಬರುವ ಮೋಟಾರಿನಲ್ಲಿ ಬೀರಪ್ಪ ಕಂಬಳಿ ಹೊತ್ತು ಇಳಿದ. ಮಗ್ಗದಿಂದ ಆಗಷ್ಟೇ ಇಳಿದ ಕಂಬಳಿ ಎಂದರೆ ಜರಡಿ, ಎಳೆಗಳ ನಡುವೆ ಬೆಳಕು ಕಾಣುತ್ತದೆ. ಬಿಸಿನೀರು ಹಾಕಿ ತುಳಿದರೇ ಉಣ್ಣೆ ಒಂದಕ್ಕೊಂದು ಹಿಡಿದುಕೊಳ್ಳುವುದು. ಅಂಗಳದ ಕೆಂಪು ಕಲ್ಲಿನ ಮೇಲೆ ಹಾಸಿ ಬೀರಪ್ಪ ತುಳಿಯತೊಡಗಿದ. ನಾನು ಸುಮ್ಮನಿರುತ್ತೇನೆಯೇ? ಧೋತರ ಮೇಲೆ ಕಟ್ಟಿ ಇಳಿದೇಬಿಟ್ಟೆ. ನೀಲಿ ಹೊಸ್ತಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ನಗಸಬ್ಯಾಡ, ಇಲ್ಲೇ ಹಡೀತೇನಿ!" ನಮ್ಮಾಕೆ ಬಿಸಿನೀರು ಸುರಿಯುತ್ತ ತಾನೂ ನಕ್ಕಳು. ಬೀರಪ್ಪ ಸಾಕು ಎನ್ನುವವರೆಗೆ ಕುಣಿದೆ.

ಕಂಬಳಿ ಒಣಗಿತು. ಅಕ್ಕ ಅದನ್ನು ಎರಡು ಕೈಲೂ ಎತ್ತಿ ಸೂರ್ಯನಿಗೆ ಹಿಡಿದಳು, ತೂತು ಹುಡುಕಲು. ಬೆಳಕು ಬರಲಿಲ್ಲ. ಒಂದು ಕಿರಣವೂ ಬರಲಿಲ್ಲ! ಚರಿಗೆಯಿಂದ ನೀರು ಹಾಕಿದಳು. ನೀರು ಮೇಲೆಯೇ ಹನಿಯಾಗಿ ನಿಂತಿತು. ಅಕ್ಕನ ಬಾಯಿಂದ ಮಾತು ಹೊರಡಲಿಲ್ಲ. (ನಮ್ಮ ಮನೆಯಲ್ಲಿ ಇದು ಕಂಬಳಿಗಿಂತ ದೊಡ್ಡ ಪವಾಡ.)

"ಇದು ಹ್ಯಾಂಗ ಇಷ್ಟು ಗಟ್ಟಿ ಆತೋ ಬೀರಪ್ಪ?" ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಅವ್ವೋರ ಎಳಿ ಒಂದ ಕಡಿ ತಿರಗ್ಯಾದ, ನಿಮ್ಮದು ಎದುರ ತಿರಗ್ಯಾದ. ತುಳದಾಗ ಒಂದಕ್ಕೊಂದು ಗಪ್ಪನ ಹಿಡಕೊಂಡಾವೇನೋರಿ. ಖರೇ ಏನಂತ ಬೀರದೇವರಿಗೇ ಗೊತ್ತು."

"ನನ್ನ ಹಾಸು ಗಟ್ಟಿ ಇತ್ತು, ಅದಕ್ಕ," ಎಂದಳು ನಮ್ಮಾಕೆ.

ಕಳೆದ ಸೋಮವಾರ ಮೊಮ್ಮಗಳು ಹುಟ್ಟಿದಳು. ತಾಯಿ ಮಗು ಆರಾಮ. ಒಳಗೆ ನಮ್ಮಾಕೆಯ ಹಳೆಯ ಸೀರೆ, ಹೊರಗೆ ಆ ಕಂಬಳಿ. ನಡುವೆ ಅಂಗೈಯಷ್ಟು ಕೆಂಪು ಮುಖ. ನೋಡಿ ನೋಡಿ ನನಗೆ ಸಾಕಾಗುತ್ತಿಲ್ಲ, ಸ್ವಾಮಿ! ಇಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಅಕ್ಕ ನಿನ್ನೆ ಭಾಲ್ಕಿಗೆ ಹೊರಟಳು. ಸ್ಟೇಷನ್ನಿನಲ್ಲಿ ಡಬ್ಬಿ ಹತ್ತಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದಳು.

"ತಮ್ಮಾ, ನಮ್ಮ ಮಗಳಿಗಿ ಮುಂದಿನ ವರ್ಷ ಬೇಕಾಗಬಹುದು. ನಮ್ಮ ಮನಿಗಿ ಬಂದು ನಮಗೂ ಹೊಕ್ಕಿನ ನೂಲು ನೂತು ಕೊಡು. ಮತ್ತ ಬಲಗೈಲೆ ನೂತಿ ಅಂದ್ರ ನೋಡು!"

ಮನೆಯವರೆಲ್ಲ ಒಂದೇ ಕಡೆಗೆ ತಿರುಗಿದರೆ ಮಾತ್ರ ಮನೆ ಗಟ್ಟಿ ಎಂದು ನಮಗೆ ಹೇಳಿಕೊಟ್ಟವರು ಯಾರು?