ಗುಂಡಿನ ಗೂಡಿಗೆ ಇಟ್ಟ ಬೆಲ್ಲದ ಗಂಧ

ಪಿಸ್ತೂಲಿನದು ಏನೂ ತಪ್ಪಿರಲಿಲ್ಲ. ಮೊಮ್ಮಗಳ ಕೈಯದೂ ಇರಲಿಲ್ಲ, ಗುಂಡಿನದೂ ಇರಲಿಲ್ಲ. ತಪ್ಪು ಗಂಧದ್ದು. ಆ ಗಂಧ ತೇಯ್ದು ಇಟ್ಟವಳು ನಾನು. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ, ಹುಡುಗಿಗೆ ದೃಷ್ಟಿಯಾಗಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅವರಿಗೆ ಬೇರೆ ಕೆಲಸವಿಲ್ಲ.

ನನ್ನ ಮಗನ ಮಗಳು ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ರೈಲು ಹತ್ತಿ ಊರಿಗಾಂಗೆ ಹೋಗುತ್ತಿದ್ದಳು. ಅಲ್ಲಿ ಚಿನ್ನದ ಗಣಿ ಕಂಪನಿ ಕಾಲದ ಹಳೇ ಗೋದಾಮಿನಲ್ಲಿ, ಮಿಲಿಟರಿಯಿಂದ ರಿಟೈರಾದ ಮಾಸ್ಟರೊಬ್ಬರು ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ಹೆಣ್ಣುಮಗುವಿಗೆ ಪಿಸ್ತೂಲು ಯಾಕೆ ಎಂದು ನಾನು ಕೇಳಲಿಲ್ಲ. ಹೊಲಿಗೆ ಕಲಿಯಲು ಹಾಕಿದಾಗ ಎರಡು ಮಿಷನ್ನು ಕೆಡಿಸಿ ಬಂದವಳು. ಏನೋ ಒಂದು ನೆಟ್ಟಗೆ ಮಾಡಲಿ ಅಂದುಕೊಂಡೆ. ಇದನ್ನು ನೆಟ್ಟಗೇ ಮಾಡಿದಳು. ಅವಳು ಎಡಗೈಯವಳು. ಅವಳಿಗೆಂದೇ ಒಂದು ಪಿಸ್ತೂಲಿಗೆ ಎಡಗೈಗೆ ಒಗ್ಗುವ ಮರದ ಹಿಡಿ ಕೂರಿಸಿಕೊಟ್ಟಿದ್ದರು. ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ಆ ಪಿಸ್ತೂಲಿನ ಗುಂಡು ಕಡಲೇಕಾಯಿ ಬೀಜಕ್ಕಿಂತ ಸ್ವಲ್ಪ ಉದ್ದ, ಅಷ್ಟೇ. ಹಿಂದೆ ತೆಳ್ಳನೆಯ ಹಿತ್ತಾಳೆ ಚಿಪ್ಪು. ಸಿಡಿಯುವ ಮದ್ದು ಆ ಚಿಪ್ಪಿನ ಬುಡದ ಅಂಚಿನಲ್ಲಿರುತ್ತದಂತೆ. ಅಂಚಿಗೆ ಏಟು ಬಿದ್ದರೆ ಗುಂಡು ಮುಂದಕ್ಕೆ ಹೋಗುತ್ತದೆ. ಅದೇ ಅಂಚನ್ನು ಒಂದು ಕೊಕ್ಕೆ ಹಿಡಿದೆಳೆದು ಖಾಲಿ ಚಿಪ್ಪನ್ನು ಆಚೆ ಎಸೆಯುತ್ತದೆ, ಆಮೇಲೆ ಮುಂದಿನ ಗುಂಡು ಬಂದು ಕೂರುತ್ತದೆ. ಚಿಪ್ಪು ಆಚೆ ಬರದಿದ್ದರೆ ಎಲ್ಲ ನಿಂತಿತು. ನಾಲ್ಕನೇ ಕ್ಲಾಸು ಓದಿದ ನನಗೇ ಇಷ್ಟು ಅರ್ಥವಾಗಿದೆ, ನಿಮಗೂ ಆಗುತ್ತದೆ.

ಆಯುಧಪೂಜೆಗೆ ಮಾಸ್ಟರು ಮಕ್ಕಳ ಮನೆಯವರನ್ನೆಲ್ಲ ಕರೆದಿದ್ದರು. ಮೇಜಿನ ಮೇಲೆ ಬಟ್ಟೆ ಹಾಸಿ, ಪಿಸ್ತೂಲುಗಳನ್ನೆಲ್ಲ ಖಾಲಿ ಮಾಡಿ, ಬಾಯಿ ತೆರೆಸಿ ಸಾಲಾಗಿ ಇಟ್ಟಿದ್ದರು. ಹಿರಿಯವಳೆಂದು ಗಂಧ ಕುಂಕುಮದ ತಟ್ಟೆ ನನ್ನ ಕೈಗೆ ಬಂತು. ಗಂಡ ಸತ್ತವಳ ಕೈಯಲ್ಲಿ ಕುಂಕುಮವೇ ಎಂದು ಹಿಂದಿನಿಂದ ಯಾರೋ ಗೊಣಗಿದರು. "ಕಬ್ಬಿಣಕ್ಕೆ ಅದೆಲ್ಲ ಗೊತ್ತಾಗಾಕಿಲ್ಲ, ಸುಮ್ಕಿರು" ಎಂದೆ.

ಗಂಧ ಮನೆಯಿಂದಲೇ ತೇಯ್ದು ತಂದಿದ್ದೆ. ಬರೀ ಗಂಧ ಕಬ್ಬಿಣದ ಮೇಲೆ ನಿಲ್ಲುವುದಿಲ್ಲ, ಒಣಗಿ ಉದುರುತ್ತದೆ. ಅದಕ್ಕೆ ನಮ್ಮತ್ತೆ ಬೆಲ್ಲದ ನೀರು ಕಲಸುತ್ತಿದ್ದರು. ನೇಗಿಲಿಗೆ ಇಟ್ಟ ಬೊಟ್ಟು ಸಂಕ್ರಾಂತಿಯವರೆಗೂ ಅಲ್ಲಾಡುತ್ತಿರಲಿಲ್ಲ. ಇರುವೆ ತಿಂದರೆ ಬೇರೆ ಮಾತು. ನಮ್ಮ ಮನೆಯಲ್ಲಿ ಇನ್ನೊಂದು ಕ್ರಮ. ಬೊಟ್ಟು ಮೇಲೆ ಇಟ್ಟರೆ ಸಾಲದು, ಕೆಲಸ ನಡೆಯುವ ಜಾಗಕ್ಕೂ ಇಡಬೇಕು. ಬೀಸುವ ಕಲ್ಲಿಗಾದರೆ ರಾಗಿ ಸುರಿಯುವ ಬಾಯಿಗೆ. ಹೊಲಿಗೆ ಮಿಷನ್ನಿಗಾದರೆ ಸೂಜಿಯ ಬುಡಕ್ಕೆ. ಪಿಸ್ತೂಲಿಗಾದರೆ? ಗುಂಡು ಕೂರುವ ಗೂಡಿಗೆ. ಬೆರಳು ಹಿಡಿಸಲಿಲ್ಲ. ಊದುಬತ್ತಿ ಕಡ್ಡಿಯ ಹಿಂಬದಿಗೆ ಗಂಧ ಅದ್ದಿ ಒಳಗಿಟ್ಟು ಒಂದು ಸುತ್ತು ತಿರುಗಿಸಿದೆ. ಮೊಮ್ಮಗಳದಕ್ಕೆ ಮಾತ್ರ. ಊರವರ ಮಕ್ಕಳದಕ್ಕೆ ಮೇಲಿನ ಬೊಟ್ಟು ಸಾಕು ಅನ್ನಿಸಿತು. ಆ ಹೊತ್ತಿಗೆ ಮಾಸ್ಟರು ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುತ್ತಿದ್ದರು.

ಹಬ್ಬ ಕಳೆದ ಮೇಲೆ ಚಿಪ್ಪು ಸಿಕ್ಕಿಕೊಳ್ಳಲು ಶುರುವಾಯಿತು. ಅದೂ ಎಂಥಾ ಹೊತ್ತಿನಲ್ಲಿ! ಬೆಂಗಳೂರಿನಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ಇತ್ತು. ಮಾಸ್ಟರು ಇಬ್ಬರ ಹೆಸರು ಕಳಿಸಬೇಕು, ಅದರಲ್ಲಿ ನಮ್ಮವಳು ಮೊದಲನೆಯವಳು. ಆದರೆ ಅಲ್ಲಿ ಪಿಸ್ತೂಲು ನಿಂತರೆ ಒಂದು ಸಲ ಬಿಡುತ್ತಾರೆ, ಎರಡನೇ ಸಲ ಸೊನ್ನೆ.

ಮಾಸ್ಟರು ಕೊಕ್ಕೆ ಬದಲಿಸಿದರು, ಸ್ಪ್ರಿಂಗು ಬದಲಿಸಿದರು, ಬೇರೆ ಡಬ್ಬದ ಗುಂಡು ತಂದರು. ಕೊಳವೆಯೊಳಗೆ ಬಟ್ಟೆ ತೂರಿಸಿ ಎಳೆದರು, ಬಟ್ಟೆ ಬೆಳ್ಳಗೇ ಬಂತು. ಕೊನೆಗೆ, ಹುಡುಗಿಯ ಮಣಿಕಟ್ಟು ಸಡಿಲ, ಕೈ ಗಟ್ಟಿಯಾಗಿ ನಿಲ್ಲದಿದ್ದರೆ ಪಿಸ್ತೂಲು ಚಿಪ್ಪು ಎಸೆಯುವುದಿಲ್ಲ ಎಂದರು. ನನ್ನ ಮಗ ಹಾಲಿನ ವ್ಯಾನು ಓಡಿಸುತ್ತಾನೆ, ಅವನ ಪ್ರಕಾರ ಲೋಕದ ಎಲ್ಲ ರೋಗಕ್ಕೂ ಎಣ್ಣೆಯೇ ಮದ್ದು. ನಾನು ಮಾಸ್ಟರ ಕಡೆ ಸೇರಿದೆ. ಹತ್ತು ದಿನ ಹುಡುಗಿಯ ಎಡಗೈಯಲ್ಲೇ ಬಿಂದಿಗೆ ನೀರು ಹೊರಿಸಿದೆ. ಎದುರುಮನೆಯವಳ ಮಾತು ಕೇಳಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೂ ಹಾಕಿದೆ. ಬೀದಿಯೆಲ್ಲ ಕೆಮ್ಮಿತು, ಚಿಪ್ಪು ಮಾತ್ರ ಜಗ್ಗಲಿಲ್ಲ.

ಒಂದು ಬುಧವಾರ ನಾನೇ ನೋಡಲು ಹೋದೆ. ಕಿವಿಗೆ ಹತ್ತಿ ಇಟ್ಟುಕೊಂಡು ಹಿಂದಿನ ಬೆಂಚಿನ ಮೇಲೆ ಕೂತೆ. ಮೊದಲ ಐದು ಚಿಪ್ಪು ಟಣ್ ಟಣ್ ಎಂದು ಹಾರಿದವು. ಇನ್ನೊಂದು ಹೊಡೆದಳು, ಅದೂ ಬಂತು. ಏಳನೆಯದು ಕಚ್ಚಿಕೊಂಡಿತು.

"ನೋಡಿ ಪಾಟಿ, ಮತ್ತೆ ಕೈ ಬಗ್ಗಿಸಿದ್ಲು" ಎಂದರು ಮಾಸ್ಟರು. ಅವರು ತಮಿಳಿನವರು, ಅಜ್ಜಿಯರನ್ನೆಲ್ಲ ಪಾಟಿ ಎಂದೇ ಕರೆಯುತ್ತಾರೆ.

"ಬಗ್ಗಿಸಿಲ್ಲ ಸಾರ್!" ಹುಡುಗಿಯ ಕಣ್ಣಲ್ಲಿ ನೀರು.

"ಅಳಬೇಡಮ್ಮ. ನಾಳೆ ಬೆಳಿಗ್ಗೆ ಹೆಸರು ಕಳಿಸ್ಬೇಕು. ಅದಕ್ಕೆ ಮುಂಚೆ ಬಂದು ಹತ್ತು ಹೊಡಿ, ಹತ್ತೂ ಚಿಪ್ಪು ಆಚೆ ಬರಲಿ. ಬರಲಿಲ್ಲಾಂದ್ರೆ ಈ ವರ್ಷ ಬೇಡ."

ಆಮೇಲೆ ಸಣ್ಣ ಹಿತ್ತಾಳೆ ಕಡ್ಡಿಯಿಂದ ಚಿಪ್ಪನ್ನು ತಳ್ಳಿದರು. ಅದು ಉರುಳಿ ನನ್ನ ಕಾಲ ಬಳಿ ಬಂತು. ಎತ್ತಿಕೊಂಡೆ. ಸುತ್ತಲೂ ಕಂದು ಬಣ್ಣದ ಗೆರೆ. ಉಗುರಿನಲ್ಲಿ ಕೆರೆದರೆ ಅಂಟು. ಮೂಗಿಗೆ ಹಿಡಿದೆ. ಮದ್ದಿನ ವಾಸನೆಯ ಅಡಿಯಲ್ಲಿ ಗಂಧ.

ನನಗೆ ಅಲ್ಲೇ ತಿಳಿಯಿತು. ಬೆಲ್ಲ ಆರಿದರೆ ಕಲ್ಲು, ಕಾದರೆ ಪಾಕ. ತಣ್ಣಗಿರುವಾಗ ಚಿಪ್ಪು ಜಾರಿ ಬರುತ್ತದೆ. ಐದಾರು ಗುಂಡು ಹೊಡೆದು ಗೂಡು ಬಿಸಿಯಾದರೆ ಪಾಕ ಎಳೆ ಬಂದು ಹಿಡಿದುಕೊಳ್ಳುತ್ತದೆ. ಜೀವಮಾನವೆಲ್ಲ ಕಡುಬಿಗೆ ಪಾಕ ಕಾಯಿಸಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಚಿಕೆ, ಬೇರೆ ಕಾರಣವಿಲ್ಲ. ಮನೆಗೆ ಬಂದು ನಿಜವೋ ಸುಳ್ಳೋ ನೋಡೋಣ ಎಂದು ಒಂದು ಸ್ಟೀಲ್ ಲೋಟದ ಹೊರಗೆ ಅದೇ ಗಂಧ ಬೆಲ್ಲ ಸವರಿ, ಇನ್ನೊಂದು ಲೋಟದೊಳಗೆ ಕೂರಿಸಿ, ಒಲೆಯ ಪಕ್ಕ ಇಟ್ಟೆ. ಅಷ್ಟರಲ್ಲಿ ಮಗ ಕಾಫಿಗೆ ಬಂದ.

"ಅವ್ವಾ, ಇದ್ಯಾಕೆ ಲೋಟ ಬಿಡಿಸ್ಕೊಂಡು ಬತ್ತಿಲ್ಲ?"

"ಎಳೀಬ್ಯಾಡ ಕಣ್ಲಾ, ಪರೀಕ್ಸೆ ನಡೀತೈತೆ."

ಕೇಳುವವನೇ ಅವನು? ಎಣ್ಣೆ ಬಿಟ್ಟ, ಜಗ್ಗಿದ, ಇಕ್ಕಳ ತಂದು ಹೊರಗಿನ ಲೋಟದ ಕಂಠ ಸೊಟ್ಟ ಮಾಡಿದ. ನಾನು ಕಿತ್ತುಕೊಂಡು ಕುದಿಯುವ ನೀರಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಬೆಲ್ಲ ಕರಗಿ ಲೋಟ ತಾನಾಗೇ ಕಳಚಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ನೀರಿನ ಬಣ್ಣ ನೋಡಿದಳು, ನನ್ನ ಮುಖ ನೋಡಿದಳು. ಓದಿದ ಹುಡುಗಿ, ಬೇಗ ಲೆಕ್ಕ ಹಾಕಿದಳು.

"ಅಜ್ಜೀ, ಪೂಜೆ ದಿನ ಪಿಸ್ತೂಲ್ ಒಳ್ಗೂ ಇಟ್ಯಾ?"

"ಊಂ. ಇಟ್ಟೆ."

"ಅತ್ತು ದಿನ ನನ್ ಕೈಲಿ ಬಿಂದಿಗೆ ಒರ್ಸಿದ್ಯಲ್ಲಾ!"

"ಅದ್ರಿಂದ ತೋಳಿಗೇನು ನಷ್ಟ ಆಗಿಲ್ಲ ಬಿಡಮ್ಮಿ."

"ನಾಳೆ ನೀನೇ ಬಂದು ಸಾರ್ ತಾವ ಒಪ್ಕೋಬೇಕು. ಎಲ್ಲಾರ ಮುಂದೆ. ನಾನೊಬ್ಳೇ ಏಳಿದ್ರೆ ನೆಪ ಅಂತಾರೆ."

ಮಗ ಸೊಟ್ಟ ಲೋಟ ಹಿಡಿದುಕೊಂಡೇ ನಗಲು ಶುರುಮಾಡಿದ. "ನಾನು ಎಣ್ಣೆ ಅಂದಿದ್ದಕ್ಕೆ ಆಡ್ಕೊಂಡ್ರಲ್ಲ, ಬೆಲ್ಲ ಆಕಿದ್ದು ಯಾರಪ್ಪಾ?" ಎಂದ. ಅವನಿಗೆ ಅವತ್ತು ಕಾಫಿ ಸಿಗಲಿಲ್ಲ.

ಮಾರನೇ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು, ಹುಡುಗಿಯ ಜೊತೆ ಮಾರಿಕುಪ್ಪಂ ಕಡೆಯ ರೈಲು ಹತ್ತಿ ಊರಿಗಾಂನಲ್ಲಿ ಇಳಿದೆ. ಮಕ್ಕಳೆಲ್ಲ ಆಗಲೇ ಬಂದಿದ್ದರು. ಮಾಸ್ಟರ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಸಾರ್, ಉಡುಗಿ ಕೈ ಸರಿಯಾಗೈತೆ. ಗುಂಡು ಕೂರೋ ಗೂಡಿಗೆ ಗಂಧ ಬೆಲ್ಲ ಇಟ್ಟಿದ್ದು ನಾನು."

ಮಾಸ್ಟರು ಕನ್ನಡಕ ತೆಗೆದರು. "ಪಿಸ್ತೂಲಿಗೆ ಬೆಲ್ಲವಾ ಪಾಟಿ?"

"ನೇಗಿಲಿಗೆ ಇಡ್ತಿದ್ವಲ್ಲ."

"ನಾನು ಬಟ್ಟೆ ಹಾಕಿ ಎಳೆದ್ನಲ್ಲ, ಏನೂ ಬರಲಿಲ್ಲವಲ್ಲ?" ಎಂದರು. ಆಮೇಲೆ ತಾವೇ ಹಣೆ ಚಚ್ಚಿಕೊಂಡರು. ಗುಂಡು ಕೂರುವ ಗೂಡು ಕೊಳವೆಗಿಂತ ಒಂದು ಕೂದಲೆಳೆ ಅಗಲವಂತೆ. ಕೊಳವೆಯ ಅಳತೆಯ ಬಟ್ಟೆ ಗೂಡಿನ ಗೋಡೆಗೆ ತಾಗದೆ ಹಾದುಹೋಗಿತ್ತು. ನಾನು ಫ್ಲಾಸ್ಕು ಮುಂದಿಟ್ಟೆ.

"ನೀರಾ? ಅಯ್ಯಯ್ಯೋ, ನನ್ನ ಸರ್ವಿಸಲ್ಲೇ ಯಾರೂ ಪಿಸ್ತೂಲಿಗೆ ಬಿಸಿನೀರು ಹಾಕಿಲ್ಲ!"

"ನಿಮ್ಮ ಸರ್ವೀಸಲ್ಲಿ ಬೆಲ್ಲ ಯಾರೂ ಆಕಿರ್ಲಿಲ್ಲ ಸಾರ್."

ಮಕ್ಕಳು ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಕ್ಕವು. ಮಾಸ್ಟರು ಪಿಸ್ತೂಲು ಬಿಚ್ಚಿ, ಕೊಳವೆಯನ್ನು ಬೇರೆ ಮಾಡಿ, ಹಿತ್ತಾಳೆ ಬ್ರಷ್ಷನ್ನು ಬಿಸಿನೀರಿಗೆ ಅದ್ದಿ ಗೂಡಿನೊಳಗೆ ತಿರುಗಿಸಿದರು. ಬ್ರಷ್ಷು ಆಚೆ ಬಂದಾಗ ಬಾಣಂತಿಯ ಕಷಾಯದ ಬಣ್ಣ. ಮೂರು ಸಲ ತಿರುಗಿಸಿದ ಮೇಲೆ ತಿಳಿಯಾಯಿತು. ಒರೆಸಿ, ಒಣಗಿಸಿ, ತುಸು ಎಣ್ಣೆ ಮುಟ್ಟಿಸಿ, ಜೋಡಿಸಿ ಹುಡುಗಿಯ ಎಡಗೈಗೆ ಕೊಟ್ಟರು.

ನಾನು ಬೆಂಚಿನ ಮೇಲೆ ಕೂತೆ. ಹತ್ತಿ ಮರೆತು ಬಂದಿದ್ದೆ, ಕಿವಿಗೆ ಬೆರಳಿಟ್ಟುಕೊಂಡೆ. ಐದು ಹಾರಿದವು. ಆರು. ಏಳನೆಯದಕ್ಕೆ ಉಸಿರು ಬಿಗಿಹಿಡಿದೆ. ಅದೂ ಹಾರಿತು. ಎಂಟನೆಯದು ಗೋಡೆಗೆ ಬಡಿದು ಬಂದು ನನ್ನ ರವಿಕೆಯ ತೋಳಿನೊಳಗೆ ಬಿತ್ತು. ಸುಟ್ಟಿತು. ಅವಳು ಗುರಿ ಹಿಡಿದಿದ್ದಳು, ಹಲ್ಲು ಕಚ್ಚಿಕೊಂಡು ಕೂತೆ. ಒಂಬತ್ತು. ಹತ್ತು.

ಪಿಸ್ತೂಲು ಕೆಳಗಿಟ್ಟಳು. ಈಗ ಮುಂದೆ ಹೋಗಬಹುದು ಎಂದು ಮಾಸ್ಟರು ಹೇಳಿದ ಮೇಲೆ ನಾನು ನೆಲದ ಮೇಲೆ ಕೂತು ಚಿಪ್ಪುಗಳನ್ನು ಒಂದೊಂದಾಗಿ ಆಯ್ದೆ. ತೋಳಿನೊಳಗಿನದನ್ನೂ ಉದುರಿಸಿ ಸೇರಿಸಿದೆ. ಹತ್ತನ್ನೂ ಮೇಜಿನ ಮೇಲೆ ಸುರಿದು, ಪೆನ್ನು ಎತ್ತಿ ಮಾಸ್ಟರ ಕೈಗೆ ಕೊಟ್ಟೆ.

"ಬರ್ಕೊಳ್ಳಿ ಸಾರ್ ಎಸ್ರು" ಎಂದೆ. ಬರೆದುಕೊಂಡು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.