ಎಮ್ಮೆ ಕುಡಿದ ನೀರು

ಮೆಹಕರದ ನಾಗಮ್ಮನವರ ಎಮ್ಮೆ ಕೊಟ್ಟಿಗೆಯಿಂದ ಹರಿಯುವ ಗಂಜಳದ ನೀರನ್ನು ಟಾಕಿಯಲ್ಲಿ ನಿಲ್ಲಿಸಿ, ಅದರೊಳಗಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬಿಡುವುದು ನನ್ನ ಕೆಲಸ. ಅವತ್ತು ನೀರು ಪರೀಕ್ಷಿಸಿ ತಲೆ ಎತ್ತುವಷ್ಟರಲ್ಲಿ, ಹಗ್ಗ ಕಿತ್ತುಕೊಂಡ ಎಮ್ಮೆಯೊಂದು ಟಾಕಿಗೆ ಮೂತಿಯಿಟ್ಟು ಗಟಗಟ ಕುಡಿಯುತ್ತಿತ್ತು.

ನಾಗಮ್ಮನವರೂ ನಾನೂ ಸೇರಿ ಎಳೆದು ಕಟ್ಟಿದೆವು.

"ನಿಮ್ಮ ಹುಳ ಅದರ ಹೊಟ್ಟ್ಯಾಗ ಏನ್ ಮಾಡ್ತಾವ್ರಿ?" ಎಂದರು ನಾಗಮ್ಮ.

"ಹುಳ ಏನೂ ಮಾಡಂಗಿಲ್ರಿ ಅಕ್ಕಾರ. ನೀರಿಂದೇ ಅಂಜಿಕಿ."

ಬ್ಯಾಕ್ಟೀರಿಯಾ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಟಾಕಿ ಇನ್ನೂ ಆ ಹಂತದಲ್ಲೇ ಇತ್ತು. ನೈಟ್ರೈಟ್ ರಕ್ತಕ್ಕೆ ಹೆಚ್ಚು ಸೇರಿದರೆ ರಕ್ತ ಕಂದು ಬಣ್ಣಕ್ಕೆ ತಿರುಗಿ, ದನ ಉಸಿರುಕಟ್ಟಿ ಬೀಳುತ್ತದೆ. ಭಾಲ್ಕಿಯಿಂದ ದನದ ಡಾಕ್ಟರ್ ಬರುವವರೆಗೂ ಎಮ್ಮೆಯ ತುಟಿ ಎತ್ತಿ, ಒಸಡೂ ಕಂದು ಬಣ್ಣಕ್ಕೆ ತಿರುಗಿತೇ ಎಂದು ನೋಡುತ್ತಲೇ ಇದ್ದೆ.

ಡಾಕ್ಟರ್ ಪರೀಕ್ಷಿಸಿ, "ಭಾಳ ಕುಡದಿಲ್ರಿ, ಪಾರಾಗ್ಯಾದ. ಹಾಲಿಗೂ ಏನೂ ಆಗಂಗಿಲ್ಲ" ಎಂದು ಹೊರಟರು.

ಸಂಜೆ ನಾಗಮ್ಮ ಅದೇ ಎಮ್ಮೆಯ ಹಾಲು ಕರೆದು ಚಾ ಮಾಡಿ ನನ್ನ ಮುಂದಿಟ್ಟರು. "ಮೊದಲ ನೀವು ಕುಡೀರಿ. ಆಮ್ಯಾಲ ಊರಿಗಿ ಹಾಲ್ ಹಾಕ್ತೇನಿ."

ಓದಿದ್ದೆಲ್ಲ ಆ ಲೋಟದ ಮುಂದೆ ಮರೆತುಹೋಯಿತು. ಕಣ್ಣು ಮುಚ್ಚಿ ಕುಡಿದೆ. ಆಮೇಲೆ ಬಹಳ ಹೊತ್ತು ಅವರು ನನ್ನ ತುಟಿಯನ್ನೇ ನೋಡುತ್ತ ಕುಳಿತಿದ್ದರು.